ತಂತಿ ಕಿತ್ತರೆ ಕಸದಂಚೆ ನಿಂತೀತೇ?

ಪ್ರತಿ ವರ್ಷ ಈ ಅಂಕಣದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಿಸಿಲಿನ ಬಳಲಿಕೆ, ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ತರಬಹುದಾದ ಮತ್ತು ತರಬಾರದ ಮದ್ದುಗಳು ಎಂದೆಲ್ಲ ಬರೆಯುತ್ತ ಬಂದಿದ್ದೇವೆ. ಈ ಸಲ ಇ-ಮೇಲ್ ಪೆಟ್ಟಿಗೆಗೆ ಬಂದು ಬೀಳುವ ಕಸದ ಬಗ್ಗೆ, ಅಂದರೆ ಸ್ಪ್ಯಾಮ್ ಬಗ್ಗೆ ಬರೆಯಹೊರಟಿದ್ದೇವೆ. ಮಾತ್ರೆ ಎಣಿಸಿ ಕೊಡುವವರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ಕೇಳಬೇಡಿ. ಆ ಕಸದಂಚೆ ವರ್ಷಗಟ್ಟಲೆ ಮಾರುತ್ತಿದ್ದದ್ದು ಹೆಚ್ಚಾಗಿ ನಮ್ಮ ಸರಕನ್ನೇ. ಡಾಕ್ಟರ ಚೀಟಿ ಬೇಡ, ಅರ್ಧ ಬೆಲೆ, ಯಾರಿಗೂ ಗೊತ್ತಾಗದಂತೆ ಮನೆ ಬಾಗಿಲಿಗೆ ಎಂದು ಕರೆಯುತ್ತಿದ್ದ ಆ ಪತ್ರಗಳನ್ನು 2008ರ ಹೊತ್ತಿಗೆ ಇ-ಮೇಲ್ ಇಟ್ಟುಕೊಂಡಿದ್ದ ಯಾರೂ ಮರೆತಿರಲಾರರು. ಹತ್ತು ಇ-ಮೇಲ್ ಬಂದರೆ ಎಂಟೊಂಬತ್ತು ಕಸವೇ ಆಗಿದ್ದ ಕಾಲ ಅದು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತು, ಮನೆಯವರ ಪತ್ರ ಹುಡುಕುವ ಮೊದಲು ಈ ಕಸ ಗುಡಿಸುವುದರಲ್ಲೇ ಕಾಲು ಗಂಟೆ ಹೋಗುತ್ತಿತ್ತು.

ಅಂಥ ಕಾಲದಲ್ಲಿ ಒಂದು ದಿನ ಜಗತ್ತಿನ ಕಸದಂಚೆ ಇದ್ದಕ್ಕಿದ್ದಂತೆ ಕುಸಿದುಬಿತ್ತು. ಅದು 2008ರ ನವೆಂಬರ್ 11. ಆ ದಿನ ಆದದ್ದೇನು, ಆಮೇಲೆ ಆದದ್ದೇನು ಎಂಬುದನ್ನು ತಿಳಿದರೆ, ಇಂದು ನಿಮ್ಮ ಮೊಬೈಲಿಗೆ ಬರುವ ಸುಳ್ಳು ಸಂದೇಶಗಳ ವ್ಯವಹಾರವೂ ಅರ್ಥವಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಮೆಕೊಲೊ ಎಂಬ ಕಂಪನಿಯ ಸರ್ವರ್‌ಗಳಿದ್ದವು. ಸರ್ವರ್‌ಗಳನ್ನು ಬಾಡಿಗೆಗೆ ಕೊಡುವುದು ಅದರ ಕಸುಬು. ಇದನ್ನೇ ಹೋಸ್ಟಿಂಗ್ ಎನ್ನುತ್ತಾರೆ. ಕಸುಬಿನಲ್ಲಿ ತಪ್ಪೇನೂ ಇಲ್ಲ. ನಾವು ನೋಡುವ ಎಷ್ಟೋ ವೆಬ್ ಪುಟಗಳು ಇಂಥ ಯಾವುದೋ ಬಾಡಿಗೆ ಸರ್ವರಿನಲ್ಲೇ ಇರುತ್ತವೆ. ಆದರೆ ತಿಂಗಳ ಬಾಡಿಗೆ ಬಂದರೆ ಸಾಕು, ಒಳಗೆ ಸಾರಾಯಿ ಕಾಯಿಸುತ್ತಾರೋ ಕಳ್ಳನೋಟು ಮುದ್ರಿಸುತ್ತಾರೋ ಕೇಳುವುದಿಲ್ಲ ಎನ್ನುವ ಕಟ್ಟಡದ ಮಾಲೀಕರೂ ಇರುತ್ತಾರಲ್ಲ, ಮೆಕೊಲೊ ಆ ಜಾತಿಯದು. ದೂರುಗಳು ಬಂದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದನ್ನು ಕಟ್ಟಿದವನು ಹತ್ತೊಂಬತ್ತು ವರ್ಷದ ಒಬ್ಬ ರಷ್ಯನ್ ವಿದ್ಯಾರ್ಥಿ. 2007ರಲ್ಲಿ ಮಾಸ್ಕೋದಲ್ಲಿ ಕಾರು ಅಪಘಾತದಲ್ಲಿ ಅವನು ತೀರಿಕೊಂಡ. ಅಂಗಡಿ ಮಾತ್ರ ನಡೆಯುತ್ತಲೇ ಇತ್ತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಸದಂಚೆ ಹೊರಡುತ್ತಿದ್ದದ್ದು ಮೆಕೊಲೊ ಕಟ್ಟಡದಿಂದಲ್ಲ. ಅದು ಹೊರಡುತ್ತಿದ್ದದ್ದು ನಿಮ್ಮ ನಮ್ಮಂಥವರ ಕಂಪ್ಯೂಟರ್‌ಗಳಿಂದ. ಮನೆಯ, ಕಚೇರಿಯ, ಸೈಬರ್ ಕೆಫೆಯ ಕಂಪ್ಯೂಟರ್‌ಗಳಲ್ಲಿ ಕಳ್ಳ ತಂತ್ರಾಂಶ ಸೇರಿಕೊಂಡು, ಮಾಲೀಕನಿಗೆ ಗೊತ್ತಿಲ್ಲದೆ ಹಗಲೂ ರಾತ್ರಿ ಪತ್ರ ಕಳಿಸುತ್ತಿತ್ತು. ಹೀಗೆ ಕೈವಶವಾದ ಕಂಪ್ಯೂಟರ್‌ಗಳ ದಂಡಿಗೆ ಬಾಟ್‌ನೆಟ್ ಎಂದು ಹೆಸರು. ಸ್ರಿಜ್ಬಿ, ರುಸ್ಟಾಕ್, ಮೆಗಾ-ಡಿ ಇವು ಆಗಿನ ದೊಡ್ಡ ದಂಡುಗಳು. ಒಂದೊಂದರಲ್ಲೂ ಕಂಪ್ಯೂಟರ್‌ಗಳು ಲಕ್ಷದ ಲೆಕ್ಕದಲ್ಲಿದ್ದವು. ಯಾರಿಗೆ ಏನು ಕಳಿಸಬೇಕು ಎಂಬ ಅಪ್ಪಣೆ ಈ ದಂಡುಗಳಿಗೆ ಬರುತ್ತಿದ್ದದ್ದು ಮೆಕೊಲೊದಲ್ಲಿದ್ದ ಸರ್ವರ್‌ಗಳಿಂದ. ಕೈಗಳು ಜಗತ್ತಿನ ತುಂಬ, ತಲೆ ಒಂದೇ ಕಡೆ.

ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ ಬ್ರಯಾನ್ ಕ್ರೆಬ್ಸ್ ತಿಂಗಳುಗಟ್ಟಲೆ ಸಾಕ್ಷ್ಯ ಕೂಡಿಹಾಕಿ, ಮೆಕೊಲೊಗೆ ಇಂಟರ್ನೆಟ್ ಸಂಪರ್ಕ ಕೊಡುತ್ತಿದ್ದ ಗ್ಲೋಬಲ್ ಕ್ರಾಸಿಂಗ್ ಮತ್ತು ಹರಿಕೇನ್ ಎಲೆಕ್ಟ್ರಿಕ್ ಎಂಬ ಎರಡು ಕಂಪನಿಗಳ ಮುಂದಿಟ್ಟರು. ಅವೆರಡೂ ಸಂಪರ್ಕ ಕಡಿದುಹಾಕಿದವು. ಪೊಲೀಸರು ಬರಲಿಲ್ಲ, ಕೋರ್ಟಿನ ಆದೇಶವೂ ಇರಲಿಲ್ಲ, ಬರೀ ತಂತಿ ಕಿತ್ತದ್ದು. ಅಷ್ಟಕ್ಕೇ ಜಗತ್ತಿನ ಒಟ್ಟು ಕಸದಂಚೆ ಒಂದೇ ದಿನದಲ್ಲಿ ಸುಮಾರು ಮೂರನೇ ಎರಡು ಭಾಗ ಇಳಿಯಿತು. ಕೆಲವರ ಲೆಕ್ಕದಲ್ಲಿ ಮುಕ್ಕಾಲು ಭಾಗವೇ ಇಳಿದಿತ್ತು. ಲಕ್ಷಾಂತರ ಕಂಪ್ಯೂಟರ್‌ಗಳು ಅಪ್ಪಣೆ ಬರಲಿಲ್ಲವೆಂದು ಸುಮ್ಮನೆ ಕೂತಿದ್ದವು.

ನಮ್ಮದು ಡಿಪ್ಲೊಮಾ ಓದು. ಕಂಪ್ಯೂಟರ್ ವಿಜ್ಞಾನದ ಪಂಡಿತಿಕೆ ನಮಗಿಲ್ಲ. ಆದರೆ ಜ್ವರ ಇಳಿಯುವುದು ಬೇರೆ, ಸೋಂಕು ಗುಣವಾಗುವುದು ಬೇರೆ ಎಂಬುದು ಕೌಂಟರಿನ ಹಿಂದೆ ನಿಂತವರಿಗೆ ಚೆನ್ನಾಗಿ ಗೊತ್ತು. ಪ್ಯಾರಸಿಟಮಾಲ್ ನುಂಗಿದ ಒಂದು ಗಂಟೆಗೆ ಮೈ ತಣ್ಣಗಾಗುತ್ತದೆ. ಗುಣವಾಯಿತೆಂದು ಡ್ಯೂಟಿಗೆ ಹೋದವರು ಸಂಜೆಗೆ ನಡುಗುತ್ತ ಬರುತ್ತಾರೆ. ಮೆಕೊಲೊ ವಿಷಯದಲ್ಲೂ ಹೀಗೆಯೇ ಆಯಿತು.

ನವೆಂಬರ್ 15ರ ಶನಿವಾರ, ಅಂದರೆ ನಾಲ್ಕೇ ದಿನದಲ್ಲಿ, ಮೆಕೊಲೊ ಮತ್ತೆ ಬಾಯಿ ತೆರೆಯಿತು. ಟೆಲಿಯಾಸೊನೆರಾ ಎಂಬ ಯುರೋಪಿನ ಕಂಪನಿಯ ಜೊತೆ ಮೊದಲೇ ಮಾಡಿಕೊಂಡಿದ್ದ ಬದಲಿ ಸಂಪರ್ಕವೊಂದಿತ್ತು. ಅದರ ಮೂಲಕ ಕೆಲವು ಗಂಟೆಗಳ ಕಾಲ ಜೀವ ಹಿಡಿದು, ತನ್ನಲ್ಲಿದ್ದ ಮಾಹಿತಿಯನ್ನು ರಷ್ಯಾದ ಸರ್ವರ್‌ಗಳಿಗೆ ಸಾಗಿಸಿತು. ದೂರು ಬಂದೊಡನೆ ಆ ದಾರಿಯನ್ನೂ ಮುಚ್ಚಲಾಯಿತು. ಆದರೆ ರುಸ್ಟಾಕ್ ದಂಡಿನ ತಲೆ ಅಷ್ಟರಲ್ಲಿ ಬೇರೆ ಮನೆ ಸೇರಿತ್ತು.

ಸ್ರಿಜ್ಬಿಯ ಚಾಲಾಕಿತನ ಇನ್ನೂ ದೊಡ್ಡದು. ಯಜಮಾನನ ಸರ್ವರ್ ಸಿಗದೆ ಹೋದರೆ, ಆ ಕಳ್ಳ ತಂತ್ರಾಂಶ ಒಂದು ಗಣಿತದ ಸೂತ್ರದಂತೆ ಹೊಸ ಹೊಸ ವಿಳಾಸಗಳನ್ನು ತಾನೇ ಹುಟ್ಟಿಸಿ ಅಲ್ಲಿ ಯಜಮಾನನನ್ನು ಹುಡುಕುತ್ತಿತ್ತು. ಫೈರ್‌ಐ ಎಂಬ ಭದ್ರತಾ ಕಂಪನಿಯವರು ಆ ಸೂತ್ರ ಬಿಡಿಸಿ, ಮುಂದೆ ಬರಲಿರುವ ವಿಳಾಸಗಳನ್ನು ತಾವೇ ದುಡ್ಡು ಕೊಟ್ಟು ನೋಂದಾಯಿಸಿ ದಾರಿ ಕಟ್ಟಿದರು. ದಿನ ಕಳೆದಂತೆ ಖರ್ಚು ಬೆಳೆಯಿತು. ಬೇರೆ ಯಾರೂ ಹೆಗಲು ಕೊಡಲಿಲ್ಲ. ಅವರು ಕೈಬಿಟ್ಟ ಕೂಡಲೇ, ನವೆಂಬರ್ ಕೊನೆಯ ವಾರದಲ್ಲಿ, ಕಳ್ಳರು ಅಂಥದೇ ವಿಳಾಸ ಕೊಂಡು ದಂಡನ್ನು ಮತ್ತೆ ಕೈಗೆ ತೆಗೆದುಕೊಂಡರು. ಈ ಬಾರಿ ಸರ್ವರ್ ಇದ್ದದ್ದು ಎಸ್ಟೋನಿಯಾದಲ್ಲಿ. ಅದೂ ಬೇಗನೆ ಮುಚ್ಚಿತು. ಹೀಗೆ ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತ, 2009ರ ಮಾರ್ಚ್ ಕೊನೆಯ ಹೊತ್ತಿಗೆ ಕಸದಂಚೆಯ ಪ್ರಮಾಣ ನವೆಂಬರ್‌ಗೆ ಮುಂಚಿನ ಮಟ್ಟಕ್ಕೆ ಮರಳಿತು ಎಂದು ಗೂಗಲ್ ಹೇಳಿತು. ಒಂದು ತಂತಿ ಕಿತ್ತದ್ದರ ಫಲ ನಾಲ್ಕು ತಿಂಗಳು ಬಾಳಿತು.

ಅದಕ್ಕಿಂತ ಮುಖ್ಯವಾದದ್ದು ಕಳ್ಳರು ಕಲಿತ ಪಾಠ. ಆಂಟಿಬಯೋಟಿಕ್ ಕೋರ್ಸನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾವು! ಸತ್ತದ್ದು ಸಾಯುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಮೆಕೊಲೊ ನಂತರ ಬಾಟ್‌ನೆಟ್‌ನವರು ತಲೆಯನ್ನು ಒಂದೇ ಕಟ್ಟಡದಲ್ಲಿ ಇಡುವುದನ್ನು ಬಿಟ್ಟರು. ಏಳೂರು ಎಂಟೂರುಗಳಲ್ಲಿ ಹಂಚಿದರು. 2009ರ ಜೂನ್‌ನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಕೋರ್ಟಿಗೆ ಹೋಗಿ 3ಎಫ್‌ಎನ್ ಎಂಬ ಇಂಥದೇ ಇನ್ನೊಂದು ಹೋಸ್ಟಿಂಗ್ ಕಂಪನಿಯನ್ನು ಮುಚ್ಚಿಸಿತು. ಕಸದಂಚೆ ಇಳಿಯಿತು, ಆದರೆ ಮೆಕೊಲೊ ಸಲದಷ್ಟಲ್ಲ. ಚೇತರಿಕೆಯೂ ಬೇಗನೆ ಆಯಿತು. ಮದ್ದು ಹಳೆಯದು, ರೋಗಾಣು ಹೊಸದು.

ಹಾಗಾದರೆ ತಂತಿ ಕೀಳುವುದೇ ದಂಡವೇ? ಅಲ್ಲ. ನಾಲ್ಕು ತಿಂಗಳಲ್ಲಿ ಬಾರದೆ ಉಳಿದ ಪತ್ರಗಳ ಲೆಕ್ಕ ಹಾಕಿದರೆ ಅದೂ ಸಣ್ಣ ಉಪಕಾರವಲ್ಲ. ಜ್ವರದಲ್ಲಿ ಬೇಯುತ್ತಿರುವವರಿಗೆ ಪ್ಯಾರಸಿಟಮಾಲ್ ಕೊಡಬಾರದು ಎಂದು ಯಾರೂ ಹೇಳುವುದಿಲ್ಲ. ಅದರ ಜೊತೆ ಸೋಂಕಿನ ಮದ್ದೂ ಬೇಕು ಎನ್ನುತ್ತೇವೆ, ಅಷ್ಟೆ. ಆ ಕೆಲಸ ಆಮೇಲೆ ನಡೆಯಿತು. ರುಸ್ಟಾಕ್ ಸೋಂಕಿದ ಒಂದೇ ಒಂದು ಕಂಪ್ಯೂಟರ್ 45 ನಿಮಿಷದಲ್ಲಿ 7,500 ಕಸಪತ್ರ ಕಳಿಸಿದ್ದನ್ನು ಮೈಕ್ರೋಸಾಫ್ಟ್‌ನವರು ಎಣಿಸಿ ನೋಡಿದ್ದರು. ಅಂಥ ಸುಮಾರು ಹತ್ತು ಲಕ್ಷ ಕಂಪ್ಯೂಟರ್‌ಗಳು ಆ ದಂಡಿನಲ್ಲಿದ್ದವು. 2011ರ ಮಾರ್ಚ್ 16ರಂದು ಕೋರ್ಟಿನ ಆದೇಶ ಹಿಡಿದು, ಅಮೆರಿಕದ ಏಳು ನಗರಗಳಲ್ಲಿ ಹಂಚಿದ್ದ ಅದರ ಸರ್ವರ್‌ಗಳನ್ನು ಒಂದೇ ಹೊತ್ತಿಗೆ ವಶಪಡಿಸಿಕೊಂಡರು. ಬದಲಿ ವಿಳಾಸಗಳ ದಾರಿಯನ್ನೂ ಕಟ್ಟಿದರು. ಸೋಂಕಿದ ಕಂಪ್ಯೂಟರ್‌ಗಳನ್ನು ಶುಚಿ ಮಾಡುವ ಕೆಲಸವೂ ಜೊತೆಗೇ ನಡೆಯಿತು. ರುಸ್ಟಾಕ್ ಮತ್ತೆ ಏಳಲಿಲ್ಲ. ಆ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್ ಪರವಾಗಿ ಹೇಳಿಕೆ ಕೊಟ್ಟವರಲ್ಲಿ ಫೈಜರ್ ಕಂಪನಿಯೂ ಇತ್ತು. ಮದ್ದಿನ ಕಂಪನಿಗೆ ಅಲ್ಲಿ ಏನು ಕೆಲಸ ಎಂದರೆ, ರುಸ್ಟಾಕ್ ಹೆಚ್ಚಾಗಿ ಜಾಹೀರಾತು ಮಾಡುತ್ತಿದ್ದದ್ದು ನಕಲಿ ವಯಾಗ್ರವನ್ನು.

ಈಗ ನಮ್ಮ ಕೌಂಟರಿಗೆ ಬರೋಣ. ಇಷ್ಟೆಲ್ಲ ದಂಡು ಕಟ್ಟಿ, ಅಡಗುತಾಣ ಬದಲಿಸಿ ಒದ್ದಾಡುವುದು ಯಾರ ದುಡ್ಡಿಗಾಗಿ? ಮೆಕೊಲೊ ಬಿದ್ದ ಅದೇ 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಬಾಟ್‌ನೆಟ್ ಒಳಗೆ ನುಸುಳಿ, ಕಳ್ಳರ ಮದ್ದಿನಂಗಡಿಯಂತೆಯೇ ಕಾಣುವ, ಆದರೆ ಹಣ ಪಡೆಯದ ಒಂದು ಅಂಗಡಿ ಪುಟವನ್ನು ಇಟ್ಟು ನೋಡಿದರು. 26 ದಿನಗಳಲ್ಲಿ ಸುಮಾರು 35 ಕೋಟಿ ಪತ್ರ ಹೋಯಿತು. ಕೊಳ್ಳಲು ಮುಂದಾದವರು 28 ಜನ. ಅಂದರೆ ಒಂದೂಕಾಲು ಕೋಟಿ ಪತ್ರಕ್ಕೆ ಒಬ್ಬ ಗಿರಾಕಿ. ಒಬ್ಬೊಬ್ಬರ ಖರೀದಿ ಸುಮಾರು 100 ಡಾಲರ್. ಆ 28ರಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಗಂಡಸುತನದ ಮದ್ದಿಗೆ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ. ಒಂದೂಕಾಲು ಕೋಟಿ ಜನರಿಗೆ ಉಪದ್ರವ ಕೊಟ್ಟದ್ದರ ಖರ್ಚು ಹುಟ್ಟುವುದು, ಎಲ್ಲೋ ಬಾಗಿಲು ಹಾಕಿಕೊಂಡು ಕೂತು, ಯಾರನ್ನೂ ಕೇಳಲು ನಾಚಿ, ಕಾರ್ಡ್ ಸಂಖ್ಯೆ ಒತ್ತಿದ ಒಬ್ಬನಿಂದ. ಅವನನ್ನು ಮೂರ್ಖ ಎನ್ನುವುದು ಸುಲಭ. ನಾವು ಹಾಗೆನ್ನುವುದಿಲ್ಲ. ಅಂಥವರನ್ನು ನಾವು ಗಲ್ಫ್‌ನಲ್ಲಿದ್ದ ವರ್ಷಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಎರಡು ವರ್ಷಕ್ಕೊಮ್ಮೆ ರಜೆ. ಊರಿಗೆ ಹೋಗಲು ಹದಿನೈದು ದಿನ ಇರುವಾಗ ಕೌಂಟರಿನ ಹತ್ತಿರ ಬರುತ್ತಾರೆ. ಮೊದಲು ಕೆಮ್ಮಿನ ಸಿರಪ್ ಕೇಳುತ್ತಾರೆ, ಆಮೇಲೆ ಮುಲಾಮು. ಹಿಂದೆ ನಿಂತವರೆಲ್ಲ ಹೋದ ಮೇಲೆ ಮೊಬೈಲ್ ಮುಂದೆ ಹಿಡಿದು, ದನಿ ತಗ್ಗಿಸಿ, "ಅಣ್ಣಾ, ಇದು ತಗೊಂಡ್ರೆ ಏನಾದ್ರೂ ತೊಂದರೆ ಉಂಟಾ?" ಎನ್ನುತ್ತಾರೆ. ಅಷ್ಟು ಕೇಳಿದವರು ಬದುಕಿಕೊಂಡರು. ಕೇಳದೆ ಹೋದವರ ಬಗ್ಗೆಯೇ ನಮ್ಮ ಚಿಂತೆ.

ಚಿಂತೆಗೆ ಕಾರಣವಿದೆ. ಅದೇ 2008ರ ಜನವರಿಯಿಂದ ಮೇ ತನಕ ಸಿಂಗಾಪುರದ ಐದು ಆಸ್ಪತ್ರೆಗಳಿಗೆ, ಸಕ್ಕರೆ ಕಾಯಿಲೆಯೇ ಇಲ್ಲದ 150 ಜನ ರಕ್ತದ ಸಕ್ಕರೆ ಪೂರ್ತಿ ಇಳಿದು ದಾಖಲಾದರು. ಒಬ್ಬರನ್ನು ಬಿಟ್ಟರೆ ಎಲ್ಲರೂ ಗಂಡಸರು. ನಾಲ್ವರು ತೀರಿಕೊಂಡರು. ಹುಡುಕಿದಾಗ ಸಿಕ್ಕಿದ್ದು, ಕಳ್ಳದಾರಿಯಲ್ಲಿ ಮಾರಾಟವಾದ ಗಂಡಸುತನದ ಮಾತ್ರೆಗಳು. ಅವುಗಳಲ್ಲಿ ಕೆಲವು 'ಗಿಡಮೂಲಿಕೆ' ಎಂದು ಹೆಸರಿಟ್ಟುಕೊಂಡಿದ್ದವು. ಒಳಗೆ ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಊರಲ್ಲಿ ಡಯೋನಿಲ್ ಎಂದು ನಿಮ್ಮ ತಂದೆ ತಾಯಿ ತೆಗೆದುಕೊಂಡಿರಬಹುದಾದ ಮಾತ್ರೆಯೇ ಅದು. ಸಾಮಾನ್ಯ ಮಾತ್ರೆಯಲ್ಲಿ ಇರುವುದು 5 ಮಿಲಿಗ್ರಾಂ. ಇವುಗಳಲ್ಲಿ 13ರಿಂದ 100 ಮಿಲಿಗ್ರಾಂ ತನಕ ಇತ್ತು. ಇನ್ನೊಂದು ಅಪಾಯ: ಅಸಲಿ ಸಿಲ್ಡೆನಾಫಿಲ್ ಆದರೂ, ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. 'ನೂರಕ್ಕೆ ನೂರು ಆಯುರ್ವೇದ' ಎಂಬ ಚೀಟಿ ಅಂಟಿಸಿದ ಪೊಟ್ಟಣದಲ್ಲೂ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿದೆ. ಹೃದಯದ ತೊಂದರೆ ಇರುವವನು ಗಿಡಮೂಲಿಕೆ ತಾನೇ ಎಂದು ನುಂಗಿದರೆ ಗತಿ ಏನು?

ಕಳ್ಳರ ದುಡ್ಡಿನ ದಾರಿಯನ್ನು ಹುಡುಕಿದವರೂ ಇದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಕಸದಂಚೆಯ ಅಂಗಡಿಗಳಿಂದ ನಿಜವಾಗಿಯೇ ಸಾಮಾನು ತರಿಸಿಕೊಂಡರು. ಮದ್ದಿನ ಪೊಟ್ಟಣಗಳಲ್ಲಿ ಹಲವು ಬಂದದ್ದು ನಮ್ಮ ಭಾರತದಿಂದಲೇ. ಅಂಗಡಿಗಳು ಲೆಕ್ಕವಿಲ್ಲದಷ್ಟಿದ್ದರೂ, ಕಸದಂಚೆ ಮಾರುವ ಮದ್ದು, ನಕಲಿ ವಾಚು, ತಂತ್ರಾಂಶಗಳ ನೂರಕ್ಕೆ 95ರಷ್ಟರ ಹಣ ಬೆರಳೆಣಿಕೆಯ ಬ್ಯಾಂಕುಗಳ ಮೂಲಕವೇ ಹಾಯುತ್ತಿತ್ತು. ಸರ್ವರ್ ಒಂದು ದಿನದಲ್ಲಿ ಹೊಸದು ಸಿಗುತ್ತದೆ. ಕಳ್ಳ ವ್ಯಾಪಾರಕ್ಕೆ ಕಾರ್ಡ್ ಹಣ ಪಡೆದುಕೊಡುವ ಬ್ಯಾಂಕ್ ಅಷ್ಟು ಬೇಗ ಸಿಗುವುದಿಲ್ಲ. ಬ್ರ್ಯಾಂಡ್ ಕಂಪನಿಗಳು ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ದೂರು ಕೊಟ್ಟು ಆ ಬ್ಯಾಂಕ್ ಖಾತೆಗಳನ್ನು ಮುಚ್ಚಿಸತೊಡಗಿದಾಗ ಕಳ್ಳರಿಗೆ ನಿಜವಾದ ಬಿಸಿ ಮುಟ್ಟಿತು.

ಇದು ಹಳೆಯ ಕತೆ, ಈಗ ಇ-ಮೇಲ್ ಕಸವನ್ನು ಜೀಮೇಲ್ ತಾನೇ ಬದಿಗೆ ತಳ್ಳುತ್ತದೆ ಎನ್ನುತ್ತೀರಾ? ಕಸ ಈಗ ಮೊಬೈಲಿಗೆ ದಾರಿ ಮಾಡಿಕೊಂಡಿದೆ. ನಾವು ಈಗ ಮನೆ ಮಾಡಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕಿರುವ ಫಾಲೋಫೀಲ್ಡ್‌ನಲ್ಲಿ. ವಿಶ್ವವಿದ್ಯಾಲಯದ ಮಕ್ಕಳೇ ತುಂಬಿರುವ ಬಡಾವಣೆ. ನಿಮ್ಮ ಪಾರ್ಸೆಲ್ ನಿಂತಿದೆ, ಸಣ್ಣ ಶುಲ್ಕ ಕಟ್ಟಿ ಎಂಬ ಸಂದೇಶ ಇಲ್ಲಿ ವಿಲ್ಮ್‌ಸ್ಲೋ ರಸ್ತೆಯ ಬಸ್ಸಿನಲ್ಲಿ ಕೂತ ವಿದ್ಯಾರ್ಥಿಗೂ ಬರುತ್ತದೆ, ಅಲ್ಲಿ ಸೈಟಿನಿಂದ ಕ್ಯಾಂಪಿಗೆ ಮರಳುವ ನಿಮಗೂ ಬರುತ್ತದೆ. ಬದಲಾಗುವುದು ಅಂಚೆ ಇಲಾಖೆಯ ಹೆಸರು ಮಾತ್ರ.

ಇದರ ಹಿಂದೆಯೂ ಒಂದು ಬಾಡಿಗೆ ಅಂಗಡಿ ಇರುತ್ತದೆ. 2021ರಲ್ಲಿ ಶುರುವಾದ ಲ್ಯಾಬ್‌ಹೋಸ್ಟ್ ಎಂಬುದು ಬ್ಯಾಂಕು, ಅಂಚೆ ಕಚೇರಿಗಳಂತೆ ಕಾಣುವ ಸುಳ್ಳು ಪುಟಗಳನ್ನು ತಿಂಗಳ ಚಂದಾಕ್ಕೆ ಮಾಡಿಕೊಡುತ್ತಿತ್ತು. ಸುಮಾರು 2,000 ಚಂದಾದಾರರು, 40,000ಕ್ಕೂ ಹೆಚ್ಚು ಸುಳ್ಳು ಪುಟಗಳು. ಬ್ರಿಟನ್ ಒಂದರಲ್ಲೇ ಸುಮಾರು 70,000 ಜನ ಅವುಗಳಲ್ಲಿ ತಮ್ಮ ವಿವರ ತುಂಬಿದ್ದರು. ಜಗತ್ತಿನಾದ್ಯಂತ ಅದರ ಕೈಗೆ ಬಿದ್ದದ್ದು 4,80,000 ಕಾರ್ಡ್ ಸಂಖ್ಯೆ, 64,000 ಪಿನ್. 2024ರ ಏಪ್ರಿಲ್‌ನಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಬೇರೆ ದೇಶಗಳ ಪೊಲೀಸರ ಜೊತೆ ಸೇರಿ ಅದನ್ನು ಮುಚ್ಚಿದರು. ನಾಲ್ಕು ದಿನಗಳಲ್ಲಿ 37 ಜನರ ಬಂಧನವಾಯಿತು. ಕೆಲವರನ್ನು ಹಿಡಿದದ್ದು ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲೇ. ಮೆಕೊಲೊ ಸಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಇಲ್ಲಿ ಬರೀ ತಂತಿ ಕೀಳಲಿಲ್ಲ. ಚಂದಾದಾರರಲ್ಲಿ 800 ಜನರಿಗೆ, ನೀವು ಯಾರು, ಏನು ಮಾಡಿದ್ದೀರಿ ಎಂದು ನಮಗೆ ಗೊತ್ತು ಎಂಬ ಸಂದೇಶವನ್ನೂ ಕಳಿಸಿದರು. ಮೋಸ ಹೋದವರನ್ನೂ ಹುಡುಕಿ ತಿಳಿಸಿದರು. ಆದರೂ ಲ್ಯಾಬ್‌ಹೋಸ್ಟ್ ಹೋದ ಜಾಗಕ್ಕೆ ಇನ್ನೊಂದು ಬರದೆ ಇರುವುದಿಲ್ಲ. ಪಾರ್ಸೆಲ್ ಸಂದೇಶಗಳು ನಿಂತಿಲ್ಲ ಎಂಬುದಕ್ಕೆ ನಿಮ್ಮ ಮೊಬೈಲೇ ಸಾಕ್ಷಿ.

ಸರ್ವರ್ ಮುಚ್ಚುವುದು ಪೊಲೀಸರ ಕೆಲಸ, ಖಾತೆ ಮುಚ್ಚುವುದು ಬ್ಯಾಂಕಿನ ಕೆಲಸ. ನಮ್ಮ ಪಾಲಿಗೆ ಉಳಿಯುವುದು ಮೂರು.

ಮೊದಲನೆಯದು, ದಂಡಿಗೆ ಕೈಯಾಗದಿರುವುದು. ರೂಮಿನವರೆಲ್ಲ ಹಂಚಿಕೊಳ್ಳುವ ಲ್ಯಾಪ್‌ಟಾಪಿಗೆ, ಫೋನಿಗೆ ಕದ್ದ ತಂತ್ರಾಂಶ, ಎಲ್ಲಿಂದಲೋ ಬಂದ ಸಿನಿಮಾ ಆ್ಯಪ್ ಹಾಕಬೇಡಿ. ಅಪ್‌ಡೇಟ್ ಕೇಳಿದಾಗ ನಾಳೆ ಎನ್ನಬೇಡಿ.

ಎರಡನೆಯದು, ದುಡ್ಡಿನ ದಾರಿ ಮುಚ್ಚುವುದು. ಸಂದೇಶದಲ್ಲಿ ಬಂದ ಲಿಂಕ್ ಒತ್ತಿ ಕಾರ್ಡ್ ಸಂಖ್ಯೆ, ಒಟಿಪಿ ಕೊಡಬೇಡಿ. ಸಂಶಯ ಬಂದರೆ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ನೀವೇ ಫೋನ್ ಮಾಡಿ. ಊರಲ್ಲಿರುವ ಹೆಂಡತಿ, ಮಕ್ಕಳು, ಅಪ್ಪ ಅಮ್ಮನಿಗೆ 1930 ಎಂಬ ಸಂಖ್ಯೆ ಬರೆಸಿಡಿ. ಹಣ ಹೋಯಿತೆಂದು ಗೊತ್ತಾದ ಕೂಡಲೇ ಕರೆ ಮಾಡಬೇಕಾದ ಭಾರತದ ಸೈಬರ್ ವಂಚನೆಯ ಸಹಾಯವಾಣಿ ಅದು. ಬ್ರಿಟನ್‌ನಲ್ಲಿ ಮಕ್ಕಳು ಓದುತ್ತಿದ್ದರೆ, ಮೋಸದ ಎಸ್‌ಎಂಎಸ್‌ಗಳನ್ನು 7726ಕ್ಕೆ ಕಳಿಸಲು ಹೇಳಿ. ಆನ್‌ಲೈನ್ ಮದ್ದಿನಂಗಡಿ ನಿಜವೋ ಸುಳ್ಳೋ ಎಂದು ಇಲ್ಲಿಯ ಜನರಲ್ ಫಾರ್ಮಾಸ್ಯೂಟಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ಅದು ಬಾಯಿಬಿಟ್ಟು ಕೇಳುವುದು. ಕಸದಂಚೆಯ ವ್ಯಾಪಾರ ನಿಂತಿರುವುದು ನಮ್ಮ ನಾಚಿಕೆಯ ಮೇಲೆ. ಕೂದಲು ಉದುರುವುದು, ತೂಕ, ನಿದ್ದೆ, ದಾಂಪತ್ಯದ ತೊಂದರೆ ಯಾವುದೇ ಇರಲಿ, ಔಷಧಾಲಯದ ಕೌಂಟರಿನಲ್ಲಿ ನಿಂತವರು ಅದನ್ನು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. ನಗುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಬದಿಗೆ ಬಂದು ಮಾತಾಡಬೇಕು ಎಂದರೆ ಜಾಗ ಮಾಡಿಕೊಡುತ್ತಾರೆ. ಗಂಡಸುತನದ ತೊಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯ, ರಕ್ತನಾಳದ ಕಾಯಿಲೆಯ ಮೊದಲ ಸೂಚನೆ. ಕಳ್ಳ ಮಾತ್ರೆ ನುಂಗಿ ಅದನ್ನು ಮುಚ್ಚಿಟ್ಟವರು, ಹೃದಯ ಕೊಟ್ಟ ಎಚ್ಚರಿಕೆಯನ್ನೂ ಮುಚ್ಚಿಟ್ಟಂತೆ.

ಒಂದೂಕಾಲು ಕೋಟಿ ಪತ್ರಕ್ಕೆ ಒಬ್ಬನೇ ಗಿರಾಕಿ. ಆ ಒಬ್ಬನೂ ಪಕ್ಕದ ಫಾರ್ಮಸಿಗೆ ಹೋಗಿ ಕೇಳಿದರೆ ಕಳ್ಳರು ಯಾವ ದೇಶದಲ್ಲಿ ಸರ್ವರ್ ಇಟ್ಟರೂ ಬಾಡಿಗೆಗೆ ದುಡ್ಡು ಹುಟ್ಟುವುದಿಲ್ಲ. ನಿಮ್ಮ ರೂಮಿನಲ್ಲಿ ಅಂಥ ಒಬ್ಬ ಇದ್ದಾನೆ ಎನಿಸಿದರೆ ಈ ಪುಟವನ್ನು ಮಡಚಿ ಅವನ ದಿಂಬಿನ ಪಕ್ಕ ಇಡಿ. ಹೆಸರು ಹೇಳುವುದು ಬೇಡ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮದ್ದಿನ ಚೀಟಿಗಳ ಮಾತಿಗೆ ಮರಳೋಣ.